ಹಲ್ಲು ಕೀಳಿಸುವ ಮುನ್ನ ಮೂಳೆಯ ಔಷಧದ ವಿಚಾರ ಹೇಳಿ

ಹಲ್ಲು ಕಿತ್ತ ಜಾಗ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಒಸಡಿನಿಂದ ಮುಚ್ಚಿಕೊಳ್ಳುತ್ತದೆ. ಕೆಲವರಲ್ಲಿ ಮಾತ್ರ ಹಾಗಾಗುವುದಿಲ್ಲ. ತಿಂಗಳುಗಳು ಕಳೆದರೂ ಗಾಯದೊಳಗೆ ದವಡೆಯ ಎಲುಬು ಕಾಣುತ್ತಿರುತ್ತದೆ. ನೋವು, ಕೀವು, ದುರ್ವಾಸನೆಗಳೂ ಜತೆಗೂಡಬಹುದು. ಇದಕ್ಕೆ ಮೂಳೆ ಸವೆತಕ್ಕೋ ಕ್ಯಾನ್ಸರಿಗೋ ಪಡೆದ ಔಷಧ ಕಾರಣವಾಗಿರುವುದುಂಟು.

ಅಮೆರಿಕದ ಮಯಾಮಿ ವಿಶ್ವವಿದ್ಯಾಲಯದ ದವಡೆ ಶಸ್ತ್ರತಜ್ಞ ರಾಬರ್ಟ್ ಮಾರ್ಕ್ಸ್ 2003ರಲ್ಲಿ ಇಂಥ 36 ರೋಗಿಗಳ ಬಗ್ಗೆ ವರದಿ ಮಾಡಿದರು. ಅವರು ಪಾಮಿಡ್ರೊನೇಟ್ ಅಥವಾ ಜೊಲೆಡ್ರೊನೇಟ್ ಪಡೆದವರಾಗಿದ್ದರು. ಇವೆರಡೂ ಬಿಸ್‌ಫಾಸ್ಫೊನೇಟ್ ಗುಂಪಿಗೆ ಸೇರಿದವು. ಮುಂದೆ ಡೆನೊಸುಮಾಬ್ ಚುಚ್ಚುಮದ್ದೂ ಈ ಪಟ್ಟಿಗೆ ಸೇರಿತು. ಸ್ವಾರಸ್ಯವೆಂದರೆ, ಹತ್ತೊಂಬತ್ತನೆಯ ಶತಮಾನದ ಬೆಂಕಿಪೊಟ್ಟಣ ಕಾರ್ಖಾನೆಗಳಲ್ಲಿ ಬಿಳಿ ರಂಜಕದ ಹೊಗೆ ಸೇವಿಸಿದ ಕಾರ್ಮಿಕರ ದವಡೆಯೂ ಹೀಗೆಯೇ ಕೊಳೆಯುತ್ತಿತ್ತು.

ಮೂಳೆ ಜಡವಸ್ತುವಲ್ಲ. ಒಂದು ಬಗೆಯ ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತವೆ. ಈ ಔಷಧಗಳು ಕರಗಿಸುವ ಕೋಶಗಳನ್ನು ತಡೆಯುತ್ತವೆ. ಬೆನ್ನೆಲುಬು, ಸೊಂಟಗಳಿಗೆ ಅದು ವರವೇ ಸರಿ. ಆದರೆ ದವಡೆಯಲ್ಲಿ ಮೂಳೆಯ ದುರಸ್ತಿ ನಿರಂತರವಾಗಿ, ವೇಗವಾಗಿ ನಡೆಯಬೇಕು. ಮೇಲಿನ ಹೊದಿಕೆ ತೆಳು, ಬಾಯಿಯ ರೋಗಾಣುಗಳು ಪಕ್ಕದಲ್ಲೇ. ದುರಸ್ತಿ ನಿಂತಾಗ ಎಲುಬಿನ ತುಂಡು ಸಾಯುತ್ತದೆ. ಕೆಳದವಡೆಯಲ್ಲಿ ಇದು ಹೆಚ್ಚು. ವಿಕಿರಣ ಚಿಕಿತ್ಸೆ ಪಡೆಯದ ದವಡೆಯಲ್ಲಿ ಎಂಟು ವಾರಗಳಿಗೂ ಮಿಕ್ಕಿ ಎಲುಬು ತೆರೆದುಕೊಂಡಿದ್ದರೆ ವೈದ್ಯರು ಈ ರೋಗವನ್ನು ಶಂಕಿಸುತ್ತಾರೆ.

ಹಾಗೆಂದು ಗಾಬರಿಬಿದ್ದು ಮಾತ್ರೆ ಬಿಸಾಡುವುದು ತರವಲ್ಲ. ಅಮೆರಿಕದ ದವಡೆ ಶಸ್ತ್ರತಜ್ಞರ ಸಂಘದ 2022ರ ವರದಿಯ ಪ್ರಕಾರ, ಮೂಳೆ ಸವೆತಕ್ಕಾಗಿ ಬಿಸ್‌ಫಾಸ್ಫೊನೇಟ್ ಪಡೆಯುವ 10,000 ಮಂದಿಯಲ್ಲಿ 2ರಿಂದ 5 ಜನರಿಗಷ್ಟೇ ಈ ತೊಂದರೆ ಬರುತ್ತದೆ. ಕ್ಯಾನ್ಸರ್ ರೋಗಿಗಳಿಗೆ ಔಷಧದ ಪ್ರಮಾಣ ಬಹಳ ಹೆಚ್ಚಿರುವುದರಿಂದ ಅಪಾಯವೂ ಹೆಚ್ಚು. ಆದರೂ ಅದು ಶೇ. 5ರೊಳಗೇ ಇದೆ. ಡೆನೊಸುಮಾಬನ್ನು ಏಕಾಏಕಿ ನಿಲ್ಲಿಸಿದರೆ ಬೆನ್ನೆಲುಬು ಮುರಿಯುವ ಭಯವೂ ಉಂಟು.

ಬುದ್ಧಿವಂತಿಕೆ ಇರುವುದು ಮುಂಜಾಗ್ರತೆಯಲ್ಲಿ. ವಿಶೇಷವಾಗಿ ಕ್ಯಾನ್ಸರ್ ರೋಗಿಗಳು, ಔಷಧ ಆರಂಭಿಸುವ ಮೊದಲೇ ದಂತವೈದ್ಯರನ್ನು ಕಂಡು, ಉಳಿಸಲಾಗದ ಹಲ್ಲುಗಳನ್ನು ಕೀಳಿಸಿ, ಗಾಯ ಮಾಯಲು ಬಿಡಬೇಕು. ಆಮೇಲೆ ಹಲ್ಲು ಕೆಟ್ಟರೆ, ಸಾಧ್ಯವಾದಷ್ಟೂ ಕೀಳುವ ಬದಲು ರೂಟ್ ಕೆನಾಲ್ ಮಾಡಿಸುವುದು ಲೇಸು. ಸಡಿಲವಾಗಿ ಒಸಡನ್ನು ಉಜ್ಜುವ ಕಟ್ಟುಹಲ್ಲಿನ ಸೆಟ್ಟೂ ಗಾಯಕ್ಕೆ ದಾರಿಯಾದೀತು.

ರೋಗ ಬಂದ ಮೇಲೆ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಬಾಯಿ ಮುಕ್ಕಳಿಸುವುದು, ಸೋಂಕಿದ್ದರೆ ಆಂಟಿಬಯಾಟಿಕ್, ಅಗತ್ಯವಿದ್ದಲ್ಲಿ ಸತ್ತ ಎಲುಬನ್ನು ಶಸ್ತ್ರಕ್ರಿಯೆಯಿಂದ ತೆಗೆಯುವುದು ಚಿಕಿತ್ಸಾಕ್ರಮ. ಹಲ್ಲು ಕೀಳುವ ಮೊದಲು ಕೆಲಕಾಲ ಔಷಧ ನಿಲ್ಲಿಸಬೇಕೇ ಎಂಬ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಬಿಸ್‌ಫಾಸ್ಫೊನೇಟ್ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ದಂತವೈದ್ಯರು "ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ?" ಎಂದು ಕೇಳಿದಾಗ ಹಿರಿಯರು ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನಷ್ಟೇ ಹೇಳಿ ಸುಮ್ಮನಾಗುವ ಸಂಭವವಿದೆ. ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುವ ಜೊಲೆಡ್ರೊನೇಟ್, ಆರು ತಿಂಗಳಿಗೊಮ್ಮೆ ಪಡೆಯುವ ಡೆನೊಸುಮಾಬ್ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಮನೆಯವರು ಆ ಚೀಟಿಯನ್ನೂ ಜತೆಗೊಯ್ಯಬೇಕು.