ತೆಳು ಶೂ ಹಾಕಿದರೆ ಗಾಯವೇ ಆಗುವುದಿಲ್ಲವೇ?

ದಪ್ಪ ಅಟ್ಟೆಯ ಶೂ ಕಾಲು ಕೆಡಿಸುತ್ತದೆ, ಹಗುರವಾದ ತೆಳು ಶೂ ಹಾಕಿದರೆ ಗಾಯದ ಚಿಂತೆಯೇ ಇಲ್ಲ ಎಂಬ ಮಾತು ಓಟಗಾರರ ಬಾಯಲ್ಲಿ ಆಗಾಗ ಬರುತ್ತದೆ. ಇದಕ್ಕೆ ರೆಕ್ಕೆಪುಕ್ಕ ಬಂದದ್ದು 2009ರಲ್ಲಿ, ಕ್ರಿಸ್ಟೋಫರ್ ಮೆಕ್‌ಡೂಗಲ್ ಅವರ ‘ಬಾರ್ನ್ ಟು ರನ್’ ಪುಸ್ತಕದಿಂದ. ಅದರಲ್ಲಿ ಬರುವ ಮೆಕ್ಸಿಕೋದ ತರಾಹುಮಾರ ಜನ ಬರಿಗಾಲಲ್ಲಿ ಓಡುತ್ತಾರೆಂದು ಪುಸ್ತಕ ಓದದವರೂ ಹೇಳುತ್ತಾರೆ. ಅವರ ಕಾಲಲ್ಲಿರುವುದು ಹಳೇ ಟೈರ್ ಕತ್ತರಿಸಿ ಮಾಡಿದ ಚಪ್ಪಲಿ!

ತೆಳು ಶೂನಲ್ಲಿ ಅನೇಕರು ಹಿಮ್ಮಡಿ ಬಿಟ್ಟು ಮುಂಗಾಲು ಊರತೊಡಗುತ್ತಾರೆ. ಆಗ ಮಂಡಿಯ ಹೊರೆ ತಗ್ಗುವುದು ನಿಜ. ಆ ಹೊರೆಯೆಲ್ಲ ಮೀನಖಂಡ, ಅಕಿಲಿಸ್ ಸ್ನಾಯುರಜ್ಜು, ಪಾದದ ಸಣ್ಣ ಮೂಳೆಗಳ ಮೇಲೆ ಬೀಳುತ್ತದೆ. ಅಮೆರಿಕದ ಬ್ರಿಗಂ ಯಂಗ್ ವಿಶ್ವವಿದ್ಯಾಲಯದವರು 36 ಅನುಭವಿ ಓಟಗಾರರನ್ನು 10 ವಾರ ಗಮನಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಬೆರಳಿಗೊಂದು ಗೂಡಿರುವ ಫೈವ್‌ಫಿಂಗರ್ಸ್ ಶೂಗೆ ಹಂತಹಂತವಾಗಿ ಹೊರಳಿದ 19 ಜನರಲ್ಲಿ 10 ಮಂದಿಗೆ ಪಾದದ ಮೂಳೆಮಜ್ಜೆಯ ಊತ ಹೆಚ್ಚಿದ್ದು ಎಂಆರ್‌ಐಯಲ್ಲಿ ಕಂಡಿತು. ಈ ಶೂ ಗಾಯ ತಪ್ಪಿಸುತ್ತದೆ ಎಂಬ ಜಾಹೀರಾತಿನ ವಿರುದ್ಧ ಹೂಡಿದ್ದ ದಾವೆಯನ್ನು ವೈಬ್ರಮ್ ಕಂಪನಿ 2014ರಲ್ಲಿ 37.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು.

‘ನಾವು ಬರಿಗಾಲಲ್ಲೇ ಬೆಳೆದವರು, ನಮಗೇನಾಗುತ್ತೆ?’ ಎನ್ನುವವರು ನಮ್ಮಲ್ಲಿದ್ದಾರೆ. ಮನೆಯೊಳಗೆ, ದೇವಸ್ಥಾನದಲ್ಲಿ ಓಡಾಡಿದ್ದು ಬೇರೆ, ಡಾಂಬರು ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡುವುದೇ ಬೇರೆ. ಬರಿಗಾಲಿನವರೆಲ್ಲ ಮುಂಗಾಲಲ್ಲೇ ಓಡುತ್ತಾರೆ ಎಂಬುದೂ ಅರ್ಧಸತ್ಯ. ಉತ್ತರ ಕೀನ್ಯಾದ ದಾಸನಾಚ್ ಜನರು ಬರಿಗಾಲಿಗೇ ಒಗ್ಗಿದವರು. ದೂರದ ಓಟದ ಹದವಾದ ವೇಗದಲ್ಲಿ ಅವರಲ್ಲಿ ಬಹುಪಾಲು ಮಂದಿ ಹಿಮ್ಮಡಿಯನ್ನೇ ಮೊದಲು ಊರಿದರು.

ಇನ್ನು ವೇಗ. ಶೂ ತೂಕ 100 ಗ್ರಾಂ ಏರಿದರೆ ಓಟಕ್ಕೆ ತಗಲುವ ಶಕ್ತಿ ಸುಮಾರು ಶೇ 1ರಷ್ಟು ಹೆಚ್ಚುತ್ತದೆ, ಹಾಗಾಗಿ ಹಗುರ ಶೂನಿಂದ ಲಾಭ ಉಂಟು. ಆದರೆ ಬರಿಗಾಲಿನ ವಕೀಲರು ಎತ್ತಿ ಹೇಳುವ ಇಥಿಯೋಪಿಯದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದರೆ, 1964ರಲ್ಲಿ ಟೋಕಿಯೊದಲ್ಲಿ ಶೂ ಹಾಕಿ ಗೆದ್ದರು, ಅದೂ ಮೂರು ನಿಮಿಷ ಬೇಗ. ಈ ಎರಡನೇ ಗೆಲುವು ಮಾತ್ರ ಯಾಕೋ ಯಾರಿಗೂ ನೆನಪಾಗುವುದಿಲ್ಲ.

ತೆಳು ಶೂ ಬೇಡವೇ ಬೇಡ ಎನ್ನಲಾರೆ. ಅದರಲ್ಲಿ ಎಂಟು ವಾರ ಬರೀ ನಡೆದವರಿಗೂ ಪಾದದ ಸ್ನಾಯು ಬಲಿತದ್ದುಂಟು. ಹಾಗಾಗಿ ಮೊದಲು ನಡೆಯಿರಿ, ಆಮೇಲೆ ವಾರಕ್ಕೆ ಒಂದೆರಡು ಸಲ ಒಂದೊಂದು ಕಿಲೋಮೀಟರ್ ಓಡಿ. ಉಳಿದ ದಿನ ಹಳೇ ಶೂ ಇರಲಿ. ಪಾದದ ಮೇಲ್ಭಾಗವನ್ನು ಬೆರಳಿಂದ ಒತ್ತಿದಾಗ ಮೂಳೆಯ ಒಂದೇ ಜಾಗ ನೋಯುತ್ತಿದ್ದರೆ ಓಟ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ.