ಬೆಳಕು ಅಲುಗುವ ದಿಕ್ಕು, ನಾಲ್ಕೇ ಅಳತೆ

ರಾಯಚೂರು ಸೀಮೆಯ ವಳಕಮದಿನ್ನಿಯಲ್ಲಿ ಕೂತು ಮೊಬೈಲಿನಲ್ಲಿ ಪಹಣಿ ತೆಗೆದರೆ, ಆ ಮಾಹಿತಿ ಬೆಂಗಳೂರಿನಿಂದ ಬರುವ ಸುಮಾರು 400 ಕಿ.ಮೀ. ದಾರಿಯ ಬಹುಪಾಲನ್ನು ಗಾಜಿನ ಎಳೆಯೊಳಗೆ ಬೆಳಕಾಗಿ ಕ್ರಮಿಸಿರುತ್ತದೆ. ಗೂಟಕ್ಕೆ ಕಟ್ಟಿದ ಹಗ್ಗದ ತುದಿಯನ್ನು ಮೇಲೆ ಕೆಳಗೆ ಆಡಿಸಬಹುದು, ಅಡ್ಡಕ್ಕೆ ಆಡಿಸಬಹುದು, ಸುತ್ತಲೂ ತಿರುವಬಹುದು. ಬೆಳಕಿನ ಅಲೆಯೂ ಹಾಗೆಯೇ. ಅಲುಗಾಟದ ಈ ಬಗೆಯೇ ಧ್ರುವೀಕರಣ.

ಆ ಗಾಜಿನ ಎಳೆ, ಅಂದರೆ ಫೈಬರು, ಇದನ್ನು ಕಾಪಾಡುವುದಿಲ್ಲ. ಬಾಗು, ಒತ್ತಡ, ಈ ಸೀಮೆಯ ಬಿಸಿಲು, ಎಲ್ಲವೂ ಅದನ್ನು ಬದಲಿಸುತ್ತವೆ. ಕಂಬದ ಮೇಲಿನ ಕೇಬಲ್ಲು ಗಾಳಿಗೆ ತೂಗಿದರಂತೂ ಕ್ಷಣಕ್ಕೊಂದು ದಿಕ್ಕು. ದಾರಿಯಲ್ಲಿನ ಸ್ಪ್ಲಿಟರ್, ಐಸೊಲೇಟರ್‌ನಂಥ ಭಾಗಗಳು ಒಂದು ದಿಕ್ಕಿನ ಬೆಳಕನ್ನು ಇನ್ನೊಂದಕ್ಕಿಂತ ತುಸು ಹೆಚ್ಚು ಬಿಡುತ್ತವೆ. 0.1 ಡೆಸಿಬೆಲ್ ವ್ಯತ್ಯಾಸವೆಂದರೆ ಶೇ 2ರಷ್ಟು ಬೆಳಕು. ಒಂದೇ ಭಾಗವಾದರೆ ಚಿಂತೆಯಿಲ್ಲ. ಉದ್ದದ ದಾರಿಯಲ್ಲಿ ಇಂಥವು ಹತ್ತಾರು ಸೇರಿದರೆ ಸಂಕೇತ ಗಾಳಿಯೊಡನೆ ಏರಿಳಿಯುತ್ತದೆ.

ಇನ್ನೊಂದು ಕಾಟ, ಎರಡು ದಿಕ್ಕಿನ ಅಲುಗಾಟಗಳ ವೇಗದ ಅಂತರ. ಇದರಿಂದಾಗುವ ತಡಕ್ಕೆ ಅಂತರರಾಷ್ಟ್ರೀಯ ಮಾನಕದ ಮಿತಿ ಕಿ.ಮೀ. ದೂರದ ವರ್ಗಮೂಲಕ್ಕೆ 0.2 ಪಿಕೊಸೆಕೆಂಡ್. ವರ್ಗಮೂಲವಾದ್ದರಿಂದ 400 ಕಿ.ಮೀ.ಗೆ ಆಗುವುದು 80 ಅಲ್ಲ, 4 ಮಾತ್ರ. ಅಡ್ಡಾದಿಡ್ಡಿ ತಿರುಚುಗಳು ಒಂದನ್ನೊಂದು ಭಾಗಶಃ ಅಳಿಸುತ್ತವೆ.

ಸರಿ, ಮೊದಲು ಹೇಳಿದ, ದಿಕ್ಕಿನೊಡನೆ ಬದಲಾಗುವ ಭಾಗದ ನಷ್ಟವನ್ನು ಅಳೆಯುವುದು ಹೇಗೆ? ದಿಕ್ಕುಗಳು ಅನಂತ. ಇಲ್ಲಿ ನೆರವಿಗೆ ಬರುವುದು ಫ್ರೆಂಚ್ ಗಣಿತಜ್ಞ ಪ್ವಾಂಕರೆಯ ಗೋಳ. ಅದರ ಒಂದೊಂದು ಬಿಂದುವೂ ಒಂದೊಂದು ಧ್ರುವೀಕರಣ: ಸಮಭಾಜಕದ ಮೇಲೆ ನೇರ ಅಲುಗಾಟಗಳು, ಎರಡು ಧ್ರುವಗಳಲ್ಲಿ ಎಡಸುತ್ತು, ಬಲಸುತ್ತು. 1956ರಲ್ಲಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ ಇದೇ ಗೋಳದ ಮೇಲೆ ಒಂದು ಸಂಗತಿ ತೋರಿಸಿದರು. ಧ್ರುವೀಕರಣ ಗೋಳದ ಮೇಲೆ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಮರಳಿದರೂ ಅಲೆಯ ಹಂತ ಮೊದಲಿನಂತಿರುವುದಿಲ್ಲ. ಸುತ್ತಿದ ಘನಕೋನದ ಅರ್ಧದಷ್ಟು ಬದಲಾಗಿರುತ್ತದೆ. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಭೌತಶಾಸ್ತ್ರಲೋಕ ಅದರ ಆಳವನ್ನು ಗುರುತಿಸಿದ್ದು 1980ರ ದಶಕದಲ್ಲಿ, ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ. ಕನ್ನಡದ ಪಠ್ಯಗಳಲ್ಲಿ ಈ ಹೆಸರು ಇನ್ನಷ್ಟು ಕಾಣಿಸಬೇಕು.

ಅದೇ ಗೋಳ ಅಳೆಯುವವನ ದುಡಿಮೆಯನ್ನೂ ಉಳಿಸುತ್ತದೆ. ಭಾಗವೊಂದು ಬಿಡುವ ಬೆಳಕು, ಗೋಳದ ಬಿಂದುವಿನ ನಿರ್ದೇಶಾಂಕಗಳಿಗೆ ಸರಳರೇಖೆಯಂತೆ ಬದಲಾಗುತ್ತದೆ. ಹಾಗಾಗಿ ನಾಲ್ಕೇ ಅಳತೆ ಸಾಕು: ಅಡ್ಡ, ನೆಟ್ಟಗೆ, 45 ಡಿಗ್ರಿ ಓರೆ ಮತ್ತು ಸುತ್ತು. ಉಳಿದ ಅನಂತ ದಿಕ್ಕುಗಳಲ್ಲಿ ಗರಿಷ್ಠ, ಕನಿಷ್ಠ ಎಲ್ಲಿ ಎಂಬುದನ್ನು ಲೆಕ್ಕವೇ ಹೇಳುತ್ತದೆ. ಮೊದಲು ಭಾಗವಿಲ್ಲದೆ ನಾಲ್ಕು ಅಳತೆ, ಆಮೇಲೆ ಭಾಗವನ್ನು ಸೇರಿಸಿ ನಾಲ್ಕು, ತರಂಗಾಂತರ ಬದಲಿಸಿದಾಗ ಮತ್ತೆ ಅಷ್ಟೂ. ಈ ನಡುವೆ ಫೈಬರು ಕದಲಕೂಡದು. ಅದಕ್ಕೇ ಅದನ್ನು ಮೇಜಿಗೆ ಟೇಪಿನಿಂದ ಅಂಟಿಸಿಡುತ್ತಾರೆ.