ಬೀಗದ ಕೈ ಬಿಟ್ಟ ಕರಿ ಕಲೆ

ಶಿವಮೊಗ್ಗದ ಓದುಗರೊಬ್ಬರು ಕೈಹೊಲಿಗೆಯ ಚರ್ಮದ ಬ್ಯಾಗಿನ ಫೋಟೊ ಕಳಿಸಿದ್ದಾರೆ. ಜೇನಿನ ಬಣ್ಣದ ಹೊಸ ಬ್ಯಾಗು. ಮಳೆಯಲ್ಲಿ ನೆಂದ ದಿನ ಒಳಗಿದ್ದ ಕಬ್ಬಿಣದ ಬೀಗದ ಕೈ ಒತ್ತಿಕೊಂಡ ಜಾಗದಲ್ಲಿ, ಅದರ ಹಲ್ಲುಗಳ ಸಮೇತ ಅಚ್ಚು ಹೊಡೆದಂತೆ ಕರಿ ಕಲೆ. ಚರ್ಮ ಕೊಳೆಯಿತೇ, ಇಲ್ಲ ಮೋಸದ ಮಾಲೇ?

ಎರಡೂ ಅಲ್ಲ. ತೊಗಟೆಯಲ್ಲಿ ಹದವಾದ ಚರ್ಮ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ತಂಗಡಿ ತೊಗಟೆ, ಜಾಲಿ ಚಕ್ಕೆ, ಅಳಲೆಕಾಯಿಗಳ ಒಗರಿಗೆ ಕಾರಣ ಟ್ಯಾನಿನ್. ಹಸಿ ತೊಗಲಿನ ಕೊಲಾಜೆನ್ ಎಳೆಗಳನ್ನು ಹಿಡಿದು ಬಿಗಿದು, ಕೊಳೆಯದಂತೆ ಕಾಯುವುದು ಅದೇ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಗೂ ಇದೇ ಹದ. ಆ ಗುರುತಿನಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳ ಪಾಲೂ ಇದೆ. ಬ್ಯಾಗು ಹೊಲಿಯುವವರಿಗೂ ಇಂಥ ಚರ್ಮವೆಂದರೆ ಇಷ್ಟ. ರಂಪಿಗೆಯಲ್ಲಿ ಕತ್ತರಿಸಿದ ಅಂಚನ್ನು ತುಸು ಒದ್ದೆ ಮಾಡಿ ಮರದ ತುಂಡಿನಿಂದ ಉಜ್ಜಿದರೆ ಗಾಜಿನಂತೆ ಹೊಳೆಯುತ್ತದೆ. ಮೇಣ ಹಚ್ಚಿದ ಒಂದೇ ದಾರಕ್ಕೆ ಎರಡು ಸೂಜಿ, ಪ್ರತಿ ತೂತಿನಲ್ಲೂ ಎರಡೂ ದಾಟಬೇಕು. ಹಾಗಾಗಿ ಒಂದು ಹೊಲಿಗೆ ಹರಿದರೆ ಪಕ್ಕದ್ದು ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ.

ಈ ಟ್ಯಾನಿನ್‌ಗೆ ಕಬ್ಬಿಣ ಸೇರಿತೋ, ಕಡುಗಪ್ಪು. ಮಲೆನಾಡಿಗೆ ಇದು ಹೊಸದಲ್ಲ. ಅಡಿಕೆ ಬೇಯಿಸಿದ ಚೊಗರಿಗೆ ತುಕ್ಕು ಹಿಡಿದ ಮೊಳೆ ಹಾಕಿ ನೋಡಿ, ಕೆಂಪು ನೀರು ಮಸಿಯಾಗುತ್ತದೆ. ಮಸಿ ಎಂದದ್ದು ಉಪಮೆಗಲ್ಲ: ಹಿಂದಿನವರು ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಬೆರೆಸಿ ಬರೆಯುವ ಮಸಿ ಮಾಡುತ್ತಿದ್ದರು. ಅನ್ನಭೇದಿಯೆಂದರೆ ಕಬ್ಬಿಣದ ಸಲ್ಫೇಟ್.

ಬ್ಯಾಗಿನ ಕುಶಲಕರ್ಮಿಗಳು ಈ ಕಲೆಯನ್ನೇ ಬಣ್ಣವಾಗಿ ಬಳಸುತ್ತಾರೆ. ವಿನೆಗರಿನಲ್ಲಿ ಕಬ್ಬಿಣದ ಚೂರುಗಳನ್ನು ಒಂದೆರಡು ವಾರ ನೆನೆಹಾಕುತ್ತಾರೆ. ಜಲಜನಕ ಹೊರಹೋಗಬೇಕಲ್ಲ, ಮುಚ್ಚಳ ಸಡಿಲವಾಗಿರಬೇಕು. ಸೋಸಿದ ನೀರು ಮಂಕು ಮಂಕಾಗಿರುತ್ತದೆ. ಚರ್ಮಕ್ಕೆ ಸವರಿದೊಡನೆ ಬೂದು, ನೋಡನೋಡುತ್ತಿದ್ದಂತೆ ನೀಲಿ ಬೆರೆತ ಕಪ್ಪು! ಮೇಲೆ ಬಳಿದ ಬಣ್ಣವಲ್ಲ ಅದು, ಎಳೆಯೊಳಗೇ ಹುಟ್ಟಿದ್ದು. ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಹುಳಿ ತೆಗೆದು ಎಣ್ಣೆ ಕುಡಿಸಿದರೆ ಆಯಿತು.

ಈ ಕಪ್ಪು ಬಣ್ಣಕ್ಕೆ ಬೇಕಾದ್ದು ಹುಳಿ ಮತ್ತು ಕಬ್ಬಿಣ. ಬೆಂಕಿಪುರವೆಂಬ ಹಳೆಯ ಹೆಸರಿನ ಭದ್ರಾವತಿಯಲ್ಲಿ ಎರಡೂ ಒಂದೇ ಆವರಣದಲ್ಲಿದ್ದವು. 1918ರಲ್ಲಿ ಆರಂಭವಾದ ಕಾರ್ಖಾನೆಯ ಮೊದಲ ಹೆಸರೇ ‘ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್’. ಕುಲುಮೆಗೆ ಇದ್ದಿಲು ಮಾಡುವಾಗ ಕಟ್ಟಿಗೆಯ ಹೊಗೆಯನ್ನು ತಣಿಸಿದರೆ ಸಿಗುವುದು ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿಯೇ.

ಕಬ್ಬಿಣ, ಚರ್ಮ ಎರಡನ್ನೂ ಜನ ಮದ್ದೆಂದು ನಂಬುವ ಸಂದರ್ಭವೂ ಒಂದಿದೆ, ಅದು ಅಪಾಯಕಾರಿ. ಮೂರ್ಛೆ ಬಂದವರ ಕೈಗೆ ಬೀಗದ ಕೈ ಗೊಂಚಲು, ಮೂಗಿಗೆ ಚಪ್ಪಲಿ! ದಯವಿಟ್ಟು ನಿಲ್ಲಿಸಿ. ಫಿಟ್ಸಿಗೂ ಇವಕ್ಕೂ ಯಾವ ಸಂಬಂಧವೂ ಇಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ.

ಈಗ ಓದುಗರ ಬ್ಯಾಗು. ನಿಂಬೆರಸಕ್ಕೆ ನೀರು ಬೆರೆಸಿ, ಹತ್ತಿಯಲ್ಲಿ ಅದ್ದಿ ಕಲೆಯ ಮೇಲಷ್ಟೇ ಮೆಲ್ಲಗೆ ಒತ್ತಿ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿಕೊಳ್ಳಿ. ಹುಳಿಯು ಕಬ್ಬಿಣವನ್ನು ಟ್ಯಾನಿನ್‌ನಿಂದ ಬಿಡಿಸುತ್ತದೆ, ಕಪ್ಪು ತಿಳಿಯಾಗುತ್ತದೆ. ನೀರಿನ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಬೀಗದ ಕೈಗೊಂದು ಬಟ್ಟೆಯ ಚೀಲ ಹೊಲಿದುಕೊಳ್ಳಿ.